ದುಡ್ಡು ಕೊಟ್ಟು ಕೈ ಕುಲುಕೋದು

ಮುಂಬೈಯಲ್ಲಿದ್ದುಕೊಂಡು ನಟರನ್ನು ನೋಡೋಕೆ ದುಡ್ಡು ಕೊಡುವವರೂ ಇರ್ತಾರಾ ಅಂತ ನಮ್ಮ ಮನೆಯಲ್ಲಿ ಇನ್ನೂ ನಗುತ್ತಾರೆ. ನಗೋದರಲ್ಲಿ ತಪ್ಪೇನಿಲ್ಲ. ಈ ಊರಲ್ಲಿ ನಟರು ಪುಕ್ಕಟೆ ಸಿಗುತ್ತಾರೆ. ಲೋಖಂಡ್‌ವಾಲಾದಲ್ಲಿ ತರಕಾರಿ ಆರಿಸುವಾಗ ಪಕ್ಕದಲ್ಲಿ ನಿಂತವರ ಮುಖ ಎಲ್ಲೋ ನೋಡಿದ ಹಾಗಿರುತ್ತದೆ. ರಾತ್ರಿ ಟಿವಿ ಹಾಕಿದ ಮೇಲೆ ಗೊತ್ತಾಗುತ್ತದೆ, ಅದು ಒಂಬತ್ತು ಗಂಟೆ ಸೀರಿಯಲ್ಲಿನ ಭಾವ ಅಂತ. ಗೋರೆಗಾಂವ್‌ನ ಫಿಲ್ಮ್ ಸಿಟಿ, ಮಢ್ ಐಲೆಂಡಿನ ಬಂಗಲೆಗಳು, ಮೀರಾ ರೋಡ್, ನಾಯಗಾಂವ್ ಕಡೆಯ ಸೆಟ್‌ಗಳು, ಎಲ್ಲಿ ಹೋದರೂ ಒಂದು ಮನೆ, ಒಂದು ಅತ್ತೆ, ಒಂದು ಸೊಸೆ, ಹೊರಗೆ ಜನರೇಟರ್ ವ್ಯಾನ್. ಇಲ್ಲೇ ಹುಟ್ಟಿ ಬೆಳೆದವರಿಗೆ ನಟರನ್ನು ಕಂಡರೆ ತಲೆ ತಿರುಗಿಸಬಾರದು ಅನ್ನೋ ಒಂದು ಗತ್ತು ಬೇರೆ ಇರುತ್ತದೆ. ನೋಡಿದರೂ ನೋಡದ ಹಾಗೆ ಮುಂದೆ ಹೋಗಬೇಕು. ಸ್ವಲ್ಪ ಮುಂದೆ ಹೋದ ಮೇಲೆ ಮನೆಗೆ ಫೋನ್ ಮಾಡಬೇಕು.

ಹಾಗಿದ್ದೂ ನಾನು ದುಡ್ಡು ಕೊಟ್ಟೆ. ಸಾಮಾನ್ಯ ಟಿಕೆಟ್‌ಗಿಂತ ಎಷ್ಟೋ ಪಟ್ಟು ಜಾಸ್ತಿಯ ಟಿಕೆಟ್ ತಗೊಂಡು, ಅಣ್ಣನ ಮಗಳು ಪುಟ್ಟಿಯ ಜೊತೆ ಅಭಿಮಾನಿಗಳ ಮೇಳವೊಂದಕ್ಕೆ ಹೋಗಿ, ಇಂಗ್ಲಿಷ್ ಸೀರಿಯಲ್ ಒಂದರ ನಟನ ಪಕ್ಕ ನಿಂತು ಫೋಟೊ ಹೊಡೆಸಿಕೊಂಡು ಬಂದೆ. ಪುಟ್ಟಿ ಕಾಲೇಜಿಗೆ ಹೋಗುವ ಹುಡುಗಿ, ಆದರೆ ನನಗೆ ಅವಳು ಪುಟ್ಟಿನೇ. ಮನೆಯವರ ನಗು ನನ್ನನ್ನು ಅಷ್ಟು ಕಾಡಲಿಲ್ಲ. ಕಾಡಿದ್ದು ಬೇರೆ. ದುಡ್ಡು ಕೊಟ್ಟು ಪಡೆದ ಆ ಭೇಟಿಯಲ್ಲಿ ನನಗೆ ನಾಚಿಕೆ ಆಗಬೇಕಿತ್ತು ಅಲ್ವಾ? ಆಗಲಿಲ್ಲ. ಮನಸ್ಸು ಹಾಯಾಗಿತ್ತು. ನಾಚಿಕೆ ಆಗಿದ್ದು ಅದಕ್ಕಿಂತ ಮೊದಲು, ನಮ್ಮದೇ ಸಂಘವೊಂದರ ವಾರ್ಷಿಕೋತ್ಸವದಲ್ಲಿ. ಅಲ್ಲಿ ಯಾರೂ ಒಂದು ಪೈಸೆ ಕೊಡಲಿಲ್ಲ. ಊರಿಂದ ಬಂದ ಕನ್ನಡ ಸೀರಿಯಲ್ ನಟಿಯೊಬ್ಬಳನ್ನು ಎಲ್ಲರೂ ಪ್ರೀತಿಯಿಂದಲೇ ಮಾತಾಡಿಸಿದರು. ಇದು ಉಲ್ಟಾ ಆಯ್ತಲ್ಲ ಅಂತ ಆವಾಗಿನಿಂದ ಯೋಚಿಸುತ್ತಿದ್ದೇನೆ.

ನೆಸ್ಕೋದ ಸಾಲು

ಮೇಳ ಇದ್ದದ್ದು ಗೋರೆಗಾಂವ್‌ನ ನೆಸ್ಕೋ ಪ್ರದರ್ಶನ ಹಾಲ್‌ನಲ್ಲಿ. ಡೊಂಬಿವಲಿಯಿಂದ ದಾದರ್, ಅಲ್ಲಿ ವೆಸ್ಟರ್ನ್ ಲೈನಿಗೆ ಬದಲಾಯಿಸಿ ರಾಮ್ ಮಂದಿರ್ ಸ್ಟೇಷನ್. ದಾದರ್ ದಾಟಿದ ಮೇಲೆ ಡಬ್ಬಿಯ ತುಂಬಾ ಮೇಳಕ್ಕೆ ಹೊರಟ ವೇಷಗಳು. ಲೇಡೀಸ್ ಡಬ್ಬಿಯಲ್ಲಿ ಒಬ್ಬ ಹುಡುಗಿ ಬೆಳ್ಳಿ ಬಣ್ಣದ ಕೂದಲು ಹಾಕಿಕೊಂಡು, ತನಗಿಂತ ಉದ್ದದ ಥರ್ಮಾಕೋಲ್ ಕತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮೀನಿನ ಬುಟ್ಟಿಯ ಹೆಂಗಸೊಬ್ಬರು ಅವಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಕತ್ತಿ ಆಚೆ ಸರಿಸು ಅಂತ ಮರಾಠಿಯಲ್ಲಿ ಗದರಿಸಿ, ಇಳಿದು ಹೋದರು. ಮುಂಬೈ ಅಂದರೆ ಇದೇ ನೋಡಿ. ಯಾರೂ ಯಾರ ವೇಷಕ್ಕೂ ಬೆರಗಾಗೋದಿಲ್ಲ, ದಾರಿ ಬಿಟ್ಟರೆ ಸಾಕು.

ಈ ಮೇಳಗಳು ನಮ್ಮ ದೇಶದಲ್ಲಿ ಶುರುವಾಗಿ ತುಂಬಾ ಕಾಲ ಏನೂ ಆಗಿಲ್ಲ. 2011ರಲ್ಲಿ ದೆಹಲಿಯಲ್ಲಿ ಕಾಮಿಕ್ ಕಾನ್ ಅಂತ ಶುರುವಾಯ್ತು, ಆಮೇಲೆ ಮುಂಬೈ, ಬೆಂಗಳೂರು ಅಂತ ಹಬ್ಬಿತು. ಕಾಮಿಕ್ಸ್ ಹೆಸರಿಗೆ ಮಾತ್ರ. ಒಳಗೆ ಹೋದರೆ ಟೀ ಶರ್ಟು, ಮಗ್ಗು, ವಿಡಿಯೊ ಗೇಮು, ಒಂದು ದೊಡ್ಡ ಸ್ಟೇಜು, ಹೊರದೇಶದ ಒಬ್ಬಿಬ್ಬರು ಅತಿಥಿಗಳು. ನಾವು ಹೋದ ಮೇಳದಲ್ಲಿ ಅತಿಥಿಯನ್ನು ಮೊದಲು ಸ್ಟೇಜ್ ಮೇಲೆ ಕೂರಿಸಿ ಪ್ರಶ್ನೆ ಕೇಳಿಸಿದರು. ಮೊದಲನೇ ಪ್ರಶ್ನೆ ಏನಿತ್ತು ಅಂತ ನೀವೇ ಊಹಿಸಬಹುದು. ಹೌದು, ವಡಾಪಾವ್ ತಿಂದ್ರಾ. ಆತ ತಿಂದೆ ಅಂದ. ಇಡೀ ಹಾಲ್ ಚಪ್ಪಾಳೆ ತಟ್ಟಿತು. ಯಾರೇ ಬರಲಿ, ನಾಸಾದಿಂದ ಬಂದರೂ ನಾವು ಇದನ್ನೇ ಕೇಳೋದು.

ಆಮೇಲೆ ಸಾಲು. ಪುಟ್ಟಿ ವಾರದಿಂದ ಒಂದು ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಆ ಸೀರಿಯಲ್ಲಿನಲ್ಲಿ ಆತನ ಪಾತ್ರ ತನ್ನ ತಮ್ಮನನ್ನು ಕಳೆದುಕೊಳ್ಳುತ್ತದೆ. ಪುಟ್ಟಿ ಅದನ್ನು ನೋಡಿದ್ದು ಅವಳ ಅಜ್ಜ, ಅಂದರೆ ನನ್ನ ಅಪ್ಪ, ತೀರಿಕೊಂಡ ಮಳೆಗಾಲದಲ್ಲಿ. ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡದೆ ಇದ್ದಾಗ ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅದನ್ನೇ ನೋಡುತ್ತಿದ್ದಳು. ನಮಗೆ ಸಿಟ್ಟು ಬರುತ್ತಿತ್ತು. ಅವಳಿಗೆ ಅಲ್ಲಿ ಏನು ಸಿಗುತ್ತಿತ್ತು ಅಂತ ಆ ಸಾಲಿನಲ್ಲಿ ನಿಂತಾಗಲೇ ನನಗೆ ಹೇಳಿದ್ದು. ಅದೂ ನನಗೆ ಅಂತ ಹೇಳಲಿಲ್ಲ, ಆತನಿಗೆ ಹೇಳಬೇಕಾದ ಮಾತನ್ನು ನನ್ನ ಮುಂದೆ ಪ್ರಾಕ್ಟೀಸ್ ಮಾಡಿದಳು. ಮುಂದೆ ನಿಂತಿದ್ದ ಪುಣೆಯ ಹುಡುಗನೂ ಏನೋ ಮಣಮಣ ಅನ್ನುತ್ತಿದ್ದ. ಸಾಲಿನಲ್ಲಿದ್ದ ಅರ್ಧ ಜನ ಹೀಗೆ ತುಟಿ ಅಲ್ಲಾಡಿಸುತ್ತಿದ್ದರು. ಪರೀಕ್ಷೆ ಹಾಲಿನ ಹೊರಗೆ ನಿಂತ ಹಾಗೆ.

ಪುಟ್ಟಿಯ ಸರದಿ ಬಂತು. ಬ್ಯಾಗ್ ಪಕ್ಕದ ಟೇಬಲ್ ಮೇಲೆ, ಒಂದೇ ಫೋಟೊ, ಕೇಳದೆ ಮೈ ಮುಟ್ಟುವ ಹಾಗಿಲ್ಲ ಅಂತ ವಾಲಂಟಿಯರ್ ಹುಡುಗಿ ಪಟಪಟ ಹೇಳಿದಳು. ಆತ ಪುಟ್ಟಿಯ ಕೋಟು ನೋಡಿದ. ಸೀರಿಯಲ್ಲಿನಲ್ಲಿ ಆತ ಹಾಕುವ ಕೋಟಿನ ನಕಲು ಅದು, ಡೊಂಬಿವಲಿಯ ನಮ್ಮ ಟೈಲರ್ ಹೊಲಿದಿದ್ದು. ನೀನೇ ಹೊಲಿದೆಯಾ ಅಂತ ಕೇಳಿದ. ಇಲ್ಲ, ನಮ್ಮ ಟೈಲರ್, ಅವರು ಬ್ಲೌಸ್ ಹೊಲಿಯೋರು, ಕೋಟು ಹೊಲಿದಿದ್ದು ಇದೇ ಮೊದಲು ಅಂತ ಶುರು ಮಾಡಿದಳು ನೋಡಿ, ಕಾಲರ್ ಸರಿ ಬರದೆ ಎರಡನೇ ಸಲ ಬಿಚ್ಚಿದ್ದರವರೆಗೆ ಹೇಳಿದಳು. ಆತ ತನ್ನ ಕೋಟಿನ ಕಾಲರೂ ಚುಚ್ಚುತ್ತಿತ್ತು ಅಂದ. ಫೋಟೊ ಆಯ್ತು. ಮುಂದಿನವರು ಬನ್ನಿ. ಅಜ್ಜನ ಮಾತು ಹೊರಗೇ ಬರಲಿಲ್ಲ. ಬೇಜಾರಾಯ್ತಾ ಅಂತ ಆಮೇಲೆ ಕೇಳಿದೆ. ಇಲ್ಲಪ್ಪ, ಅದನ್ನ ಅಲ್ಲಿ ಹೇಳಿದ್ರೆ ಅಳು ಬರ್ತಿತ್ತು, ಇದೇ ಚೆನ್ನಾಗಾಯ್ತು ಅಂದಳು. ನಾನು ಏನು ಹೇಳಿದೆ ಅಂತ ಕೇಳುತ್ತೀರೇನೋ. ನನಗೆ ಹೇಳೋಕೆ ಏನೂ ಇರಲಿಲ್ಲ. ಸುಮ್ನೆ ನಿಲ್ಲೋಕಾಗದೆ, ನಿಮಗೆ ಕೂರೋಕೆ ಕುರ್ಚಿ ಕೊಟ್ಟಿದ್ದಾರಾ ಅಂತ ಕೇಳಿದೆ. ಆತ ನಕ್ಕು ಹಿಂದಿದ್ದ ಕುರ್ಚಿ ತೋರಿಸಿದ.

ಅದೇ ಹಾಲಿನ ಇನ್ನೊಂದು ಮೂಲೆಯಲ್ಲಿ ಒಬ್ಬ ಹಿರಿಯ ಹಿಂದಿ ಸೀರಿಯಲ್ ನಟರು ಯಾವುದೋ ಸ್ಟಾಲ್‌ಗೆ ಬಂದಿದ್ದರು. ನಮ್ಮ ವಯಸ್ಸಿನವರ ಭಾನುವಾರಗಳನ್ನೆಲ್ಲ ನುಂಗಿದ ಮುಖ. ಮಕ್ಕಳನ್ನು ವಿದೇಶಿ ನಟನ ಸಾಲಿಗೆ ಬಿಟ್ಟು ಬಂದ ಅಪ್ಪ ಅಮ್ಮಂದಿರು ಇವರ ಸುತ್ತ ಮುತ್ತಿಕೊಂಡಿದ್ದರು. ಇಲ್ಲಿ ಸಾಲೂ ಇಲ್ಲ, ಟಿಕೆಟ್ಟೂ ಇಲ್ಲ. ಯಾರೂ ಅವರ ಹೆಸರು ಹಿಡಿದು ಕರೆಯಲಿಲ್ಲ, ಪಾತ್ರದ ಹೆಸರೇ. ಒಬ್ಬರು ಹೆಗಲ ಮೇಲೆ ಕೈ ಹಾಕಿದರು. ಇನ್ನೊಬ್ಬರು ವಿಡಿಯೊ ಕಾಲ್‌ನಲ್ಲಿ ನಾಗಪುರದ ಅತ್ತಿಗೆಗೆ ತೋರಿಸಿ, ಆ ಡೈಲಾಗ್ ಹೇಳಿ ಅಂತ ಹಟ ಹಿಡಿದರು. ಅವರು ಹೇಳಿದರು. ಮತ್ತೊಬ್ಬರಿಗೂ ಅದನ್ನೇ ಹೇಳಿದರು. ನಾವು ಊಟ ಮುಗಿಸಿ ವಾಪಸ್ ಬಂದಾಗಲೂ ಅವರು ನಿಂತೇ ಇದ್ದರು. ಆ ಸ್ಟಾಲ್‌ನಲ್ಲಿ ಕುರ್ಚಿ ಇರಲಿಲ್ಲ.

ದುಡ್ಡಿನ ಮಾತು

ಈ ಥರ ಮೇಳಗಳ ಕತೆ ಶುರುವಾಗೋದು ಒಂದು ನಿಂತುಹೋದ ಸೀರಿಯಲ್ಲಿನಿಂದ. ಬಾಹ್ಯಾಕಾಶ ನೌಕೆಯೊಂದರ ಕತೆಯ ಸ್ಟಾರ್ ಟ್ರೆಕ್ ಅಮೆರಿಕದಲ್ಲಿ 1966ರಲ್ಲಿ ಶುರುವಾಗಿ 1969ರಲ್ಲಿ ನಿಂತಿತು. ನೋಡುವವರು ಸಾಲದು ಅಂತ ಚಾನೆಲ್‌ನವರೇ ನಿಲ್ಲಿಸಿದರು. ಒಟ್ಟು 79 ಕಂತು. ಆಮೇಲೆ ಬೇರೆ ಬೇರೆ ಊರಿನ ಸಣ್ಣ ಸ್ಟೇಷನ್‌ಗಳು ಅದನ್ನು ಸಂಜೆ ಹೊತ್ತು ಮತ್ತೆ ಮತ್ತೆ ಹಾಕತೊಡಗಿದವು, ಆಗ ಹುಚ್ಚು ಹಿಡಿಯಿತು. 1972ರ ಜನವರಿಯಲ್ಲಿ ನ್ಯೂಯಾರ್ಕಿನ ಸ್ಟ್ಯಾಟ್ಲರ್ ಹಿಲ್ಟನ್ ಹೋಟೆಲಿನಲ್ಲಿ ಅಭಿಮಾನಿಗಳೇ ಸೇರಿ ಒಂದು ಸಮ್ಮೇಳನ ಮಾಡಿದರು. ಕೆಲವು ನೂರು ಜನ ಬಂದಾರು ಅಂದುಕೊಂಡಿದ್ದರು. ಮೂರು ಸಾವಿರಕ್ಕೂ ಜಾಸ್ತಿ ಜನ ಬಂದರು. ಇವತ್ತು ಪ್ರಪಂಚದ ತುಂಬಾ ನಡೆಯುವ ನಟರ ಭೇಟಿ, ಆಟೋಗ್ರಾಫ್ ಸಾಲು, ಇವಕ್ಕೆಲ್ಲ ದಾರಿ ತೋರಿಸಿದ್ದರಲ್ಲಿ ಆ ಹೋಟೆಲ್ಲೂ ಒಂದು. (ಮುಂಬೈಗೂ ಸ್ಟಾರ್ ಟ್ರೆಕ್‌ಗೂ ಒಂದು ನಂಟಿದೆ. 1965ರ ಮಿಸ್ ಇಂಡಿಯಾ ಪರ್ಸಿಸ್ ಖಂಬಾಟಾ ನಮ್ಮ ಮುಂಬೈಯವರೇ. 1979ರಲ್ಲಿ ಬಂದ ಅದರ ಮೊದಲ ಸಿನಿಮಾಕ್ಕೆ ತಲೆ ಬೋಳಿಸಿಕೊಂಡು ಪಾತ್ರ ಮಾಡಿದ್ದರು.)

ನನಗೆ ಇಲ್ಲಿ ಮುಖ್ಯ ಅನ್ನಿಸಿದ್ದು ಬೇರೆ ವಿಷಯ. ಆ ಕಾಲದ ಒಪ್ಪಂದದಲ್ಲಿ ಅಮೆರಿಕದ ಟಿವಿ ನಟರಿಗೆ ಮರುಪ್ರಸಾರದ ಪಾಲು ಮೊದಲ ಕೆಲವು ಸಲಕ್ಕೆ ಮಾತ್ರ ಸಿಗುತ್ತಿತ್ತು. ಎಷ್ಟು ಸಲ ಹಾಕಿದರೂ ಪಾಲು ಕೊಡಬೇಕು ಅಂತ ಆಗಿದ್ದು 1974ರ ಹೊತ್ತಿಗೆ, ನಟರ ಸಂಘದ ಹೊಸ ಒಪ್ಪಂದದಲ್ಲಿ. ಅಂದರೆ ಸ್ಟಾರ್ ಟ್ರೆಕ್ ಮನೆಮನೆ ಮಾತಾದಾಗ ಅದರಲ್ಲಿ ಮಾಡಿದವರ ಕೈಗೆ ಅದರಿಂದ ಏನೂ ಬರುತ್ತಿರಲಿಲ್ಲ. ಮುಖ ಎಲ್ಲರಿಗೂ ಗೊತ್ತು, ಆ ಮುಖ ಗೊತ್ತಿರೋದರಿಂದಲೇ ಬೇರೆ ಪಾತ್ರ ಸಿಗೋದೂ ಕಷ್ಟ. ಇಂಥವರಿಗೆ ಅಭಿಮಾನಿಗಳ ಮೇಳ ಒಂದು ಸಂಪಾದನೆಯೂ ಆಯ್ತು. ಇದನ್ನು ಓದಿದ ಮೇಲೆ ಫೋಟೊಗೆ ದುಡ್ಡು ಕೇಳೋದು ನನಗೆ ಮೊದಲಿನಷ್ಟು ಚಿಲ್ಲರೆಯಾಗಿ ಕಾಣಲಿಲ್ಲ. ಕೆಲಸಕ್ಕೆ ಆಗ ಸಿಗದ ಕೂಲಿ ತಡವಾಗಿ ಸಿಗುತ್ತಿದೆ, ಅಷ್ಟೇ.

ನಮ್ಮಲ್ಲಿ ಮರುಪ್ರಸಾರಕ್ಕೆ ನಟರಿಗೆ ಪಾಲು ಕೊಡುವ ಪದ್ಧತಿ ಇವತ್ತಿಗೂ ಬೇರೂರಿಲ್ಲ. 1987ರ ರಾಮಾಯಣವನ್ನು 2020ರ ಮಾರ್ಚ್ ಕೊನೆಗೆ, ಲಾಕ್‌ಡೌನ್‌ನಲ್ಲಿ ದೂರದರ್ಶನ ಮತ್ತೆ ಹಾಕಿತಲ್ಲ, ಇಡೀ ದೇಶ ಕೂತು ನೋಡಿತು. ಅದೇ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತು ಮುಂಬೈಯ ಎಷ್ಟೋ ಸೀರಿಯಲ್ ನಟರು ಬಾಡಿಗೆ ಕಟ್ಟೋಕೆ ಪರದಾಡಿದರು. ಇಲ್ಲಿ ದಿನಗೂಲಿ ಲೆಕ್ಕ. ಶಿಫ್ಟ್ ಅಂದರೆ ಹನ್ನೆರಡು ಗಂಟೆ, ದುಡ್ಡು ಕೈಗೆ ಬರೋದು ತೊಂಬತ್ತು ದಿನ ಆದ ಮೇಲೆ ಅನ್ನೋದು ಈ ಧಂಧೆಯಲ್ಲಿ ಎಲ್ಲರಿಗೂ ಗೊತ್ತಿರುವ ನಿಯಮ. ಬಂಗಾರದ ಬಣ್ಣದ ಸೋಫಾ ಮೇಲೆ ಕೂತು ಕೋಟಿಗಟ್ಟಲೆ ಆಸ್ತಿಗೆ ಜಗಳ ಆಡುವವರು ಮೂರು ತಿಂಗಳ ಹಿಂದಿನ ಸಂಬಳಕ್ಕೆ ಕಾಯುತ್ತಿರುತ್ತಾರೆ.

ನಮ್ಮ ಹುಡುಗಿ

ಈಗ ಸಂಘದ ವಿಷಯ. ಯಾವ ಸಂಘ ಅಂತ ಬರೆಯೋದಿಲ್ಲ. ಮುಂಬೈಯಲ್ಲಿ ಕನ್ನಡದವರ ಸಂಘಗಳಿಗೆ ಬರವಿಲ್ಲ, ಮಾಟುಂಗಾದಿಂದ ಮೀರಾ ರೋಡ್‌ವರೆಗೆ ನಿಮಗೆ ಬೇಕಾದ್ದು ಅಂದುಕೊಳ್ಳಿ. ವಾರ್ಷಿಕೋತ್ಸವಕ್ಕೆ ಬೆಂಗಳೂರಿನಿಂದ ಸೀರಿಯಲ್ ನಟಿಯನ್ನು ಕರೆಸಿದ್ದರು. ಸೀರಿಯಲ್ಲಿನಲ್ಲಿ ಅವಳು ಎಲ್ಲವನ್ನೂ ಸಹಿಸುವ ಸೊಸೆ. ವಯಸ್ಸು ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಜೊತೆಗೆ ಅವಳ ಅಮ್ಮ, ಒಂದು ಟ್ರಾಲಿ ಬ್ಯಾಗ್. ಮಹಿಳಾ ವಿಭಾಗದವಳು ಅಂತ ನನ್ನನ್ನು ಅವರ ದೇಖರೇಖಿಗೆ ಹಾಕಿದ್ದರು.

ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯ್ತು. ಮೈಕ್ ಹಿಡಿದವರು, ಇವಳು ನಮ್ಮ ಮನೆ ಮಗಳು ಅಂದರು. ಸ್ಟೇಜ್ ಇಳಿಯೋಷ್ಟರಲ್ಲಿ ಜನ ಸುತ್ತುಗಟ್ಟಿದರು. ಊರು ಯಾವುದು, ಮದುವೆ ಯಾವಾಗ, ಆ ಹೀರೊ ನಿಜವಾಗಲೂ ಒಳ್ಳೆಯವನಾ, ಇಷ್ಟು ತೆಳ್ಳಗಿದ್ದೀಯಲ್ಲ ಊಟ ಮಾಡ್ತೀಯಾ ಇಲ್ವಾ. ಒಬ್ಬರು ಅವಳ ಅಮ್ಮನನ್ನು ಪಕ್ಕಕ್ಕೆ ಕರೆದು, ನೀವು ಯಾವ ಪೈಕಿ ಅಂತಲೂ ಕೇಳಿಯಾಯ್ತು. ನಮ್ಮ ದೊಡ್ಡಮ್ಮ ಅವಳ ಎರಡೂ ಕೈ ಹಿಡಿದುಕೊಂಡವರು ಬಿಡಲೇ ಇಲ್ಲ. ನೋಡು ಮಗಾ, ನೀನು ಆ ಮನೆಯಲ್ಲಿ ಇರಬೇಡ, ನಿಂಗೆ ಅಷ್ಟು ಓದು ಇದೆ, ಹೊರಟು ಬಾ ಅಂತ ಬುದ್ಧಿ ಹೇಳುತ್ತಲೇ ಹೋದರು. ದೊಡ್ಡಮ್ಮನಿಗೆ ಅದು ನಾಟಕ ಅಂತ ಗೊತ್ತಿಲ್ಲ ಅಂದುಕೊಳ್ಳಬೇಡಿ. ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅಲ್ಲಿ ಆ ಹುಡುಗಿಗೆ ಏನೋ ಹೇಳಬೇಕಿತ್ತು. ತಮ್ಮ ಅತ್ತೆ ಮನೆಯ ಐವತ್ತು ವರ್ಷದಲ್ಲಿ ತಮಗೆ ಯಾರೂ ಹೇಳದೆ ಇದ್ದಿದ್ದನ್ನು. ಹುಡುಗಿ ಹೂಂ ಅಜ್ಜಿ, ಆಯ್ತು ಅಜ್ಜಿ ಅಂತ ನಗುತ್ತಲೇ ಇದ್ದಳು. ಅವಳ ಬೆನ್ನ ಹಿಂದೆ ಮೂರು ಜನ ಸೆಲ್ಫಿ ತೆಗೆಯುತ್ತಿದ್ದರು.

ಕೊನೆಗೆ ನಾನು ಹೇಗೋ ಬಿಡಿಸಿ ಸ್ಟೇಜ್ ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. ಅಕ್ಕ, ಈ ಬಾಗಿಲು ಹಾಕ್ಕೋಬಹುದಾ ಅಂತ ಕೇಳಿದಳು. ಅವತ್ತು ಅವಳು ತಾನಾಗಿ ಆಡಿದ ಮೊದಲ ಮಾತು ಅದು. ಬಾಗಿಲಿಗೆ ಚಿಲಕ ಇರಲಿಲ್ಲ. ಅವಳ ಅಮ್ಮ ಟ್ರಾಲಿ ಬ್ಯಾಗನ್ನು ಬಾಗಿಲಿಗೆ ಒತ್ತಿಟ್ಟು ಅದರ ಮೇಲೆ ಕೂತರು. ಬೆಳಿಗ್ಗೆ ಆರಕ್ಕೆ ಫ್ಲೈಟು, ಇಳಿದ ಕೂಡಲೇ ಸೆಟ್‌ಗೆ ಹೋಗಬೇಕು ಅಂತ ಹೇಳಿದರು. ತಟ್ಟೆಯಲ್ಲಿ ಪೂರಿ ಬಂತು, ಅರ್ಧ ತಿನ್ನೋಷ್ಟರಲ್ಲಿ ಹೊರಗಿಂದ ಬಾಗಿಲು ದೂಡತೊಡಗಿದರು. ಒಂದೇ ಒಂದು ಫೋಟೊ ಮೇಡಂ, ನಮ್ಮ ಮಿಸೆಸ್ಸು ನಿಮ್ಮ ಫ್ಯಾನು.

ದೂರದಿಂದಲೇ ಬೆಳೆಯುವ ಈ ಸಲಿಗೆಯ ಬಗ್ಗೆ 1956ರಲ್ಲೇ ಡೊನಾಲ್ಡ್ ಹಾರ್ಟನ್, ರಿಚರ್ಡ್ ವೋಲ್ ಅನ್ನೋ ಇಬ್ಬರು ಅಮೆರಿಕದಲ್ಲಿ ಬರೆದಿದ್ದರು. ಟಿವಿಯಲ್ಲಿ ದಿನಾ ಕಾಣುವವರು ನಮಗೆ ಪರಿಚಯದವರೇ ಅನ್ನಿಸಿಬಿಡುತ್ತದೆ, ಆದರೆ ಅವರಿಗೆ ನಮ್ಮ ಪರಿಚಯ ಇರೋದಿಲ್ಲ, ಇದು ಒಂದೇ ಕಡೆಯ ನಂಟು ಅಂತ. ಅವರು ನಮ್ಮ ದೇಶದ ಸೀರಿಯಲ್ ನೋಡಿದ್ದರೆ ಇನ್ನೊಂದು ಅಧ್ಯಾಯ ಬರೆಯುತ್ತಿದ್ದರು. ರಾಮಾಯಣದ ಸೀತೆ ದೀಪಿಕಾ ಚಿಖಲಿಯಾ, ರಾವಣ ಅರವಿಂದ ತ್ರಿವೇದಿ ಇಬ್ಬರೂ 1991ರಲ್ಲಿ ಗುಜರಾತಿನಿಂದ ಗೆದ್ದು ಲೋಕಸಭೆಗೆ ಹೋದರು, ಒಂದೇ ಪಕ್ಷದಿಂದ. ಕನ್ನಡದ ಚಾನೆಲ್‌ಗಳ ಪ್ರಶಸ್ತಿ ಸಮಾರಂಭ ನೋಡಿ, ಒಂದರ ಹೆಸರು ಕುಟುಂಬ, ಇನ್ನೊಂದರದ್ದು ಅನುಬಂಧ. ಚೆನ್ನಾಗಿ ನಟಿಸಿದವಳು ಅಂತ ಕೊಡೋದಕ್ಕಿಂತ ಮನೆ ಮೆಚ್ಚಿದ ಸೊಸೆ ಅಂತ ಕೊಟ್ಟರೆ ಚಪ್ಪಾಳೆ ಜಾಸ್ತಿ. ಮುಂಬೈಯ ನಮ್ಮವರಿಗೆ ಇದರ ಮೇಲೆ ಊರಿನ ನಂಟೂ ಸೇರಿಕೊಳ್ಳುತ್ತದೆ. ಸಿಐಡಿ ಸೀರಿಯಲ್ಲಿನಲ್ಲಿ ಬಾಗಿಲು ಒಡೆದೇ ಹೆಸರಾದ ದಯಾ, ಅಂದರೆ ದಯಾನಂದ ಶೆಟ್ಟಿ, ಮೂಲ ಉಡುಪಿ ಕಡೆಯವರು. ಪಾತ್ರಕ್ಕೂ ಅವರದೇ ಹೆಸರು. 1998ರಿಂದ 2018ರವರೆಗೆ ಅದು ಒಂದೇ ಸಮ ನಡೆಯಿತು. ಇಲ್ಲಿ ನಮ್ಮ ಕಡೆಯವರ ಯಾವ ಮದುವೆ ಪಂಕ್ತಿಯಲ್ಲಿ ಕೂತರೂ, ದಯಾ ನಮಗೆ ಹತ್ತಿರದವನೇ ಅನ್ನುವ ಒಬ್ಬರು ಪಕ್ಕದಲ್ಲಿರುತ್ತಾರೆ.

ಮನೆ ಮಗಳು ಅಂದುಬಿಟ್ಟರೆ ಮುಗಿಯಿತು. ಮನೆ ಮಗಳು ಬಾಗಿಲು ಹಾಕಿಕೊಳ್ಳುವ ಹಾಗಿಲ್ಲ. ಸುಸ್ತಾಗಿದೆ ಅನ್ನುವ ಹಾಗಿಲ್ಲ. ಮದುವೆ ಯಾವಾಗ ಅಂದರೆ ಮುಖ ಗಂಟಿಕ್ಕುವ ಹಾಗಿಲ್ಲ. ನೆಸ್ಕೋದ ಆ ನಟನಿಗೆ ಇದ್ದದ್ದು ಇದೇ ಅನುಕೂಲ. ಆತ ಯಾರ ಮನೆ ಮಗನೂ ಆಗಿರಲಿಲ್ಲ. ದುಡ್ಡು ಕೊಟ್ಟಿದ್ದರಿಂದ ನಮಗೆ ಏನು ಸಿಗುತ್ತದೆ ಅಂತ ಗೊತ್ತಿತ್ತು, ಏನು ಸಿಗೋದಿಲ್ಲ ಅಂತಲೂ ಗೊತ್ತಿತ್ತು. ಸಮಯ ಮುಗಿದ ಮೇಲೆ ಆತ ಎದ್ದು ಹೋದರೆ ಯಾರೂ ಸೊಕ್ಕು ಅನ್ನೋದಿಲ್ಲ. ಸಂಘದ ಹುಡುಗಿ ಊಟ ಬಿಟ್ಟು ಎದ್ದು ಬಂದು ಮತ್ತೆ ಫೋಟೊಗೆ ನಿಂತಳು. ಆದರೂ ಮರುದಿನ ನಮ್ಮ ಗುಂಪಿನಲ್ಲಿ ಒಬ್ಬರು, ಮಾತು ಸ್ವಲ್ಪ ಕಮ್ಮಿ, ಈಗಲೇ ಸ್ವಲ್ಪ ತಲೆ ತಿರುಗಿದೆ ಅಂತ ಬರೆದರು.

ದೊಡ್ಡಮ್ಮನ ಪರವಾಗಿ

ಇಷ್ಟು ಬರೆದ ಮೇಲೆ ದೊಡ್ಡಮ್ಮನ ಪರವಾಗಿಯೂ ಒಂದು ಮಾತು ಹೇಳಬೇಕು. ಸ್ಟಾರ್ ಟ್ರೆಕ್‌ನಲ್ಲಿ ಉಹುರಾ ಪಾತ್ರ ಮಾಡಿದ ನಿಶೆಲ್ ನಿಕೋಲ್ಸ್ ಹಲವು ಕಡೆ ಹೇಳಿಕೊಂಡ ಒಂದು ಪ್ರಸಂಗವಿದೆ. ಮೊದಲ ವರ್ಷ ಮುಗಿದ ಮೇಲೆ ಅವರು ಸೀರಿಯಲ್ ಬಿಡೋಕೆ ಹೊರಟಿದ್ದರು. ಪಾತ್ರದಲ್ಲಿ ಮಾಡೋದಕ್ಕೆ ಜಾಸ್ತಿ ಏನೂ ಇರಲಿಲ್ಲ, ನಾಟಕರಂಗದ ಆಸೆ ಇತ್ತು. ಆಗ ಒಂದು ಸಮಾರಂಭದಲ್ಲಿ, ನಿಮ್ಮ ಅಭಿಮಾನಿಯೊಬ್ಬರು ನಿಮ್ಮನ್ನು ನೋಡಬೇಕಂತೆ ಅಂತ ಯಾರೋ ಬಂದು ಹೇಳಿದರು. ತಿರುಗಿ ನೋಡಿದರೆ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಮಾರ್ಟಿನ್ ಲೂಥರ್ ಕಿಂಗ್. ಬಿಡುವ ವಿಷಯ ಹೇಳಿದಾಗ ಕಿಂಗ್, ಬಿಡಕೂಡದು ಅಂದರು. ಟಿವಿಯಲ್ಲಿ ಕಪ್ಪು ಹೆಂಗಸೊಬ್ಬಳು ಎಲ್ಲರ ಸಮಕ್ಕೆ ಕೂತು ಕೆಲಸ ಮಾಡೋದನ್ನು ಜನ ನೋಡುತ್ತಿದ್ದಾರೆ, ಅದಕ್ಕೆ ಬಿಡಬಾರದು ಅಂತ. ನಿಕೋಲ್ಸ್ ಬಿಡಲಿಲ್ಲ. ಮುಂದೆ 1977ರಲ್ಲಿ ಹೆಂಗಸರನ್ನೂ ಕಪ್ಪು ಜನರನ್ನೂ ಗಗನಯಾತ್ರಿಗಳಾಗಿ ಸೇರಿಸಿಕೊಳ್ಳುವ ಪ್ರಚಾರಕ್ಕೆ ನಾಸಾ ಅವರನ್ನೇ ಕರೆಯಿತು.

ಕಿಂಗ್ ಟೋಕನ್ ತಗೊಂಡಿರಲಿಲ್ಲ. ಸಾಲಿನಲ್ಲೂ ನಿಂತಿರಲಿಲ್ಲ. ನಟಿ ಏನು ಮಾಡಬೇಕು ಅಂತ ನೇರವಾಗಿಯೇ ಬುದ್ಧಿ ಹೇಳಿದರು. ಹಾಗೆ ನೋಡಿದರೆ ನಮ್ಮ ದೊಡ್ಡಮ್ಮ ಮಾಡಿದ್ದೂ ಅದನ್ನೇ. ಅವರು ಇರು ಅಂದರು, ಇವರು ಹೊರಟು ಬಾ ಅಂದರು. ನೆಸ್ಕೋದ ಸಾಲಿನಲ್ಲಿ ಇಂಥದ್ದು ನಡೆಯೋಕೆ ಸಾಧ್ಯವೇ ಇಲ್ಲ, ವಾಲಂಟಿಯರ್ ಹುಡುಗಿ ಬಿಡೋದಿಲ್ಲ. ಪುಟ್ಟಿಯ ಅಜ್ಜನ ಮಾತು ಹೊರಗೆ ಬಾರದೆ ಇದ್ದಿದ್ದಕ್ಕೆ ಅಳುವಿನ ಹೆದರಿಕೆಯಷ್ಟೇ ಆ ಗಡಿಬಿಡಿಯೂ ಕಾರಣ. ಅದನ್ನು ಆತ ಕೇಳಿಸಿಕೊಂಡಿದ್ದರೆ ಆತನಿಗೂ ಬೇಕಾಗುತ್ತಿತ್ತೇನೋ. ಆದರೆ ಪುಟ್ಟಿಯ ಹಿಂದೆ ಇನ್ನೂರು ಜನ ಇದ್ದರು, ಅವರಲ್ಲಿ ಎಷ್ಟು ಜನರ ಹತ್ತಿರ ಒಬ್ಬೊಬ್ಬ ಅಜ್ಜ ಇದ್ದರೋ. ಅಷ್ಟೂ ಸಾವುಗಳನ್ನು ಒಂದೇ ಮಧ್ಯಾಹ್ನ ನಿಂತು ಕೇಳು ಅಂತ ಯಾರಿಗಾದರೂ ಹೇಳೋಕಾಗುತ್ತಾ? ಅದಕ್ಕೇ ನನಗೆ ಸಾಲಿನ ಮೇಲೆ ಸಿಟ್ಟು ಬರೋದಿಲ್ಲ. ಕಿಂಗ್ ಒಬ್ಬರೇ ಬಂದಿದ್ದರು. ದೊಡ್ಡಮ್ಮನ ಹಿಂದೆ ಇಡೀ ಹಾಲ್ ಇತ್ತು.

ದುಡ್ಡಿನ ಮೇಳದಲ್ಲೂ ಕೊರತೆ ಇಲ್ಲ ಅಂತ ಅಲ್ಲ. ಹೊರದೇಶದ ಮೇಳಗಳಲ್ಲಿ ನಟರನ್ನು ಪಕ್ಕ ಪಕ್ಕ ಟೇಬಲ್ ಹಾಕಿ ಕೂರಿಸುತ್ತಾರೆ, ಮುಂದೆ ಆಟೋಗ್ರಾಫ್‌ನ ರೇಟು ಬರೆದ ಬೋರ್ಡು. ಒಬ್ಬರ ಮುಂದೆ ಗೋಡೆವರೆಗೆ ಸಾಲು, ಪಕ್ಕದವರ ಮುಂದೆ ಯಾರೂ ಇಲ್ಲ. ಅಂಥ ಟೇಬಲ್ ಹಿಂದೆ ಪೆನ್ನು ಹಿಡಿದು ದಿನವಿಡೀ ಕೂರೋದು ಯಾವ ಸಂಘದ ಸನ್ಮಾನಕ್ಕಿಂತಲೂ ಕಠಿಣ ಅನ್ನಿಸುತ್ತದೆ. ಅಲ್ಲಿ ಪ್ರೀತಿಯ ಲೆಕ್ಕ ಎಲ್ಲರ ಕಣ್ಣಿಗೂ ಕಾಣುತ್ತದೆ. ನಮ್ಮ ಹಾಲಿನಲ್ಲಿ ಏನೇ ಇರಲಿ, ಬಂದವರನ್ನು ಯಾರೂ ಒಂಟಿಯಾಗಿ ಕೂರಿಸೋದಿಲ್ಲ.

ಚಿಕ್ಕಪ್ಪನ ಕಾನೂನು

ನಮ್ಮ ಚಿಕ್ಕಪ್ಪನ ಹೋಟೆಲ್ ಗೋರೆಗಾಂವ್ ಈಸ್ಟ್‌ನಲ್ಲಿತ್ತು, ಫಿಲ್ಮ್ ಸಿಟಿ ಕಡೆ ಹೋಗುವ ರಸ್ತೆಯಿಂದ ಹತ್ತಿರ. ಕುಂದಾಪುರದಿಂದ ಹುಡುಗನಾಗಿದ್ದಾಗ ಬಂದು, ಬೇರೆಯವರ ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಸ್ವಂತದ್ದು ಮಾಡಿದವರು. ರಜೆಯಲ್ಲಿ ನಾನು ಗಲ್ಲಾದಲ್ಲಿ ಕೂರುತ್ತಿದ್ದೆ. ಮಧ್ಯಾಹ್ನ ಎರಡು ದಾಟಿದ ಮೇಲೆ ಮೇಕಪ್ ಹಾಗೇ ಇಟ್ಟುಕೊಂಡು ಸಣ್ಣ ಪುಟ್ಟ ಪಾತ್ರದವರು ಬರುತ್ತಿದ್ದರು. ರಾಜನ ಕಿರೀಟ ಪಕ್ಕದ ಕುರ್ಚಿ ಮೇಲಿಟ್ಟು ರಾಜನೇ ರಸಂ ಅನ್ನ ಕಲಸುತ್ತಿದ್ದ. ಕೆಲವು ಸಲ ದೊಡ್ಡ ಮುಖಗಳೂ ಬರುತ್ತಿದ್ದವು. ಸಪ್ಲೈಯರ್ ಹುಡುಗರು ಊರಿಂದ ಬಂದ ಹೊಸಬರು, ಕೈ ಕಾಲು ನಡುಗುತ್ತಿತ್ತು ಅವರಿಗೆ. ಚಿಕ್ಕಪ್ಪ ಮಾತ್ರ ಗಲ್ಲಾದಿಂದ ಒಮ್ಮೆ ಕಣ್ಣು ಬಿಟ್ಟರೆ ಮುಗಿಯಿತು. ಉಂಬತಿಗೆ ಯಾರನ್ನೂ ಮಾತಾಡ್ಸುಕಾಗ. ಅದೊಂದೇ ಕಾನೂನು. ಕೈ ತೊಳೆದು ಬಂದ ಮೇಲೆ, ಬಿಲ್ ಕೊಡುವಾಗ, ಬೇಕಾದರೆ ನಮಸ್ಕಾರ ಮಾಡು. ಅವರಾಗಿ ನಿಂತರೆ ಮಾತಾಡು.

ಹುಡುಗನೊಬ್ಬ ಆ ಒಂದು ನಮಸ್ಕಾರಕ್ಕೆ ಅಂತಲೇ ದಿನಾ ಕೂದಲು ಬಾಚಿಕೊಂಡು ಬಾಗಿಲ ಹತ್ತಿರದ ಟೇಬಲ್‌ಗಳನ್ನೇ ಕೇಳಿ ಪಡೆಯುತ್ತಿದ್ದ. ಯಾವ ನಟಿ ಯಾವತ್ತು ಎರಡನೇ ಸಲ ಸಾಂಬಾರ್ ಕೇಳಿದಳು ಅನ್ನೋದು ಅವನಿಗೆ ಬಾಯಿಪಾಠ. ಅಷ್ಟರಲ್ಲೇ ಖುಷಿ ಇತ್ತು ಅವನಿಗೆ. ಚಿಕ್ಕಪ್ಪನ ಗೋಡೆ ಮೇಲೆ ನಟರ ಜೊತೆಗಿನ ಫೋಟೊ ಒಂದೂ ಇರಲಿಲ್ಲ, ಕೊಲ್ಲೂರು ಮೂಕಾಂಬಿಕೆಯದ್ದು ಮಾತ್ರ. ಬಹುಶಃ ಅದಕ್ಕೇ ಆ ನಟರು ಮತ್ತೆ ಮತ್ತೆ ಅಲ್ಲಿಗೇ ಬರುತ್ತಿದ್ದರು. ಅಥವಾ ಮುಂಬೈಯಲ್ಲಿ ಆ ರೇಟಿಗೆ ಅಂಥ ರಸಂ ಬೇರೆಲ್ಲೂ ಸಿಗುತ್ತಿರಲಿಲ್ಲ, ಅದಕ್ಕೂ ಇರಬಹುದು.

ಈ ವರ್ಷದ ವಾರ್ಷಿಕೋತ್ಸವಕ್ಕೆ ಮತ್ತೆ ಯಾರನ್ನಾದರೂ ಕರೆಸಬೇಕು ಅಂತ ಕಮಿಟಿ ಮೀಟಿಂಗ್ ಆಯ್ತು. ನಾನು ನೆಸ್ಕೋದಲ್ಲಿ ನೋಡಿದ್ದನ್ನೆಲ್ಲ ಹೇಳಿ, ಟೋಕನ್ ಕೊಡೋಣ, ಒಂದು ಗಂಟೆ ಅಂತ ಇಡೋಣ, ಸ್ವಲ್ಪ ದುಡ್ಡೂ ಇಟ್ಟು ಅದನ್ನು ಬಂದವರಿಗೇ ಕೊಡೋಣ ಅಂದೆ. ದುಡ್ಡು ಅಂದ ಕೂಡಲೇ ಎಲ್ಲರಿಗೂ ನಗು. ನಮ್ಮ ಹುಡುಗಿ ಜೊತೆ ಫೋಟೊ ತೆಗೆಸಿಕೊಳ್ಳೋಕೆ ನಾವು ದುಡ್ಡು ಕೊಡೋದಾ, ಇದೇನು ಮೇಡಂ ಸರ್ಕಸ್ಸಾ ಅಂದರು ಅಧ್ಯಕ್ಷರು. ಟೋಕನ್ ಹಿರಿಯರಿಗೆ ಅವಮಾನ ಅಂತ ಇನ್ನೊಬ್ಬರು. ದೊಡ್ಡಮ್ಮ ಮೀಟಿಂಗ್‌ನಲ್ಲಿ ಇರಲಿಲ್ಲ, ಆದರೆ ಇದ್ದಿದ್ದರೂ ನನ್ನ ಪರ ಇರುತ್ತಿರಲಿಲ್ಲ. ಕೊನೆಗೆ ಊಟ ಮೊದಲು, ಫೋಟೊ ಆಮೇಲೆ ಅನ್ನೋದಕ್ಕೆ ಒಪ್ಪಿದರು. ಕೋಣೆಗೆ ಚಿಲಕ ಆದರೂ ಹಾಕಿಸಿ ಅಂದೆ. ಹಾಲ್ ಬಾಡಿಗೆಯದ್ದು, ಅವರ ಬಾಗಿಲಿಗೆ ಮೊಳೆ ಹೊಡೆಯೋಕೆ ನಾವ್ಯಾರು ಅಂತ ಖಜಾಂಚಿ ಕೇಳಿದರು. ಅದೂ ಸರಿ. ಹಾಗಾಗಿ ಬಾಗಿಲಲ್ಲಿ ಕೂರೋಕೆ ಪುಟ್ಟಿಯನ್ನು ಕೇಳಿದ್ದೇನೆ. ಕೋಟು ಹಾಕಿಕೊಂಡು ಬರ್ತೀನಿ ಅಂದಿದ್ದಾಳೆ.